ತಪ್ಪಾಯ್ತು ಎನ್ನುವ ಧೈರ್ಯ ಯಾರಿಗಿದೆ?

ಬ್ಲಾಗಿಗರು ಬೇಜವಾಬ್ದಾರರು ಎಂದು ಪತ್ರಿಕೆಯವರು ದೂರಿದರು. ಪತ್ರಿಕೆಯವರು ಮಾರಿಕೊಂಡವರು ಎಂದು ಬ್ಲಾಗಿಗರು ಬೈದರು. ಇಪ್ಪತ್ತು ವರ್ಷ ಹಳೆಯ ಈ ಜಗಳದಲ್ಲಿ ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿತ್ತು. ಉಳಿದರ್ಧವನ್ನು ಹುಡುಕಬೇಕಾದ್ದು ಓದುಗ.

2005ರ ಸುಮಾರಿಗೆ ದೊಡ್ಡ ಇಂಗ್ಲಿಷ್ ದಿನಪತ್ರಿಕೆಗಳಲ್ಲಿ ಒಂದು ಜಾಹೀರಾತು ಮೇಲಿಂದ ಮೇಲೆ ಇಡೀ ಪುಟ ತುಂಬಿಕೊಂಡು ಬರುತ್ತಿತ್ತು. ಐಐಎಂಗಳನ್ನು ಮೀರಿ ಯೋಚಿಸುವ ಧೈರ್ಯ ಮಾಡಿ ಎಂದು ಅದು ಹುಡುಗರನ್ನು ಕರೆಯುತ್ತಿತ್ತು. ಜಾಹೀರಾತು ಕೊಡುತ್ತಿದ್ದದ್ದು ಐಐಪಿಎಂ ಎಂಬ ಖಾಸಗಿ ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆ. ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಅದರ ಶಾಖೆಗಳಿದ್ದವು. ಜಾಹೀರಾತಿನ ಮಾತುಗಳನ್ನು ಒಂದೊಂದಾಗಿ ಹಿಡಿದು ಇದು ನಿಜವೇ ಎಂದು ವಿಚಾರಿಸಲು ಹೊರಟದ್ದು ಮುಂಬೈನ ‘ಜಾಮ್’ ಎಂಬ ಪುಟ್ಟ ನಿಯತಕಾಲಿಕೆ. ಕಾಲೇಜು ಹುಡುಗರು ಓದುವ ಪತ್ರಿಕೆ ಅದು; ಸಂಪಾದಕಿ ರಶ್ಮಿ ಬನ್ಸಲ್. ಸಂಸ್ಥೆ ಹೇಳಿಕೊಳ್ಳುವುದಕ್ಕೂ ಅಲ್ಲಿ ಇರುವುದಕ್ಕೂ ತಾಳೆಯಾಗುವುದಿಲ್ಲ ಎಂದು ‘ಜಾಮ್’ ಬರೆಯಿತು. ಐಬಿಎಂನಲ್ಲಿ ಕೆಲಸಕ್ಕಿದ್ದ ಯುವಕನೊಬ್ಬ ತನ್ನ ಬ್ಲಾಗಿನಲ್ಲಿ ಆ ಲೇಖನಕ್ಕೆ ಕೊಂಡಿ ಹಾಕಿ, ತನ್ನದೂ ನಾಲ್ಕು ಖಾರದ ಮಾತು ಸೇರಿಸಿದ.

2005ರ ಅಕ್ಟೋಬರಿನಲ್ಲಿ ಸಂಸ್ಥೆಯಿಂದ ಆತನಿಗೆ 125 ಕೋಟಿ ರೂಪಾಯಿಯ ನೋಟಿಸು ಬಂತು. ಐಐಪಿಎಂ ತನ್ನ ವಿದ್ಯಾರ್ಥಿಗಳಿಗೆ ಕೊಡಲು ಐಬಿಎಂ ಲ್ಯಾಪ್‌ಟಾಪುಗಳನ್ನೇ ಕೊಳ್ಳುತ್ತಿತ್ತು. ಅವನ್ನೆಲ್ಲ ಕಂಪನಿಯ ಕಚೇರಿ ಎದುರು ಸುಡುವ ಮಾತು ತನ್ನ ಮೇಲಧಿಕಾರಿಗಳವರೆಗೆ ಬಂದಿದೆ ಎಂದು ಆತ ಬರೆದುಕೊಂಡ. ಕಂಪನಿಗೆ ಮುಜುಗರವಾಗಬಾರದೆಂದು ಕೆಲಸ ಬಿಟ್ಟ. ಬರೆದದ್ದನ್ನು ಮಾತ್ರ ಅಳಿಸಲಿಲ್ಲ. ದೇಶದ ಬ್ಲಾಗಿಗರೆಲ್ಲ ಅವನ ಬೆನ್ನಿಗೆ ನಿಂತರು. ಸಂಸ್ಥೆಯ ಪುಟಗಟ್ಟಲೆ ಜಾಹೀರಾತು ಪಡೆಯುತ್ತಿದ್ದ ಪತ್ರಿಕೆಗಳಿಗೆ ಮೊದಮೊದಲು ಇದರಲ್ಲಿ ಸುದ್ದಿಯೇ ಕಾಣಲಿಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. 2011ರಲ್ಲಿ ಸಂಸ್ಥೆಯ ಮುಖ್ಯಸ್ಥರ ಕುರಿತು ಲೇಖನ ಬರೆದ ‘ಕ್ಯಾರವಾನ್’ ಮಾಸಿಕದ ಮೇಲೆ 50 ಕೋಟಿ ರೂಪಾಯಿಯ ದಾವೆ ಬಿತ್ತು. ಪತ್ರಿಕೆ ಇರುವುದು ದೆಹಲಿಯಲ್ಲಿ, ದಾವೆ ಹೂಡಿದ್ದು ಅಸ್ಸಾಮಿನ ಸಿಲ್ಚಾರ್‌ನಲ್ಲಿ. 2013ರ ಫೆಬ್ರುವರಿಯಲ್ಲಿ ಗ್ವಾಲಿಯರ್ ನ್ಯಾಯಾಲಯದ ಆದೇಶ ಹಿಡಿದು, ಸಂಸ್ಥೆಯನ್ನು ಟೀಕಿಸಿದ 70ಕ್ಕೂ ಹೆಚ್ಚು ಅಂತರ್ಜಾಲ ಪುಟಗಳನ್ನು ದೂರಸಂಪರ್ಕ ಇಲಾಖೆ ತಡೆಹಿಡಿಯಿತು. ಆ ಪಟ್ಟಿಯಲ್ಲಿ ಬ್ಲಾಗುಗಳಿದ್ದವು, ಹೆಸರಾಂತ ಪತ್ರಿಕೆಗಳ ವರದಿಗಳಿದ್ದವು. ಈ ಸಂಸ್ಥೆಗೆ ಮಾನ್ಯತೆಯಿಲ್ಲ ಎಂದು ವಿದ್ಯಾರ್ಥಿಗಳನ್ನು ಎಚ್ಚರಿಸಿದ್ದ ಯುಜಿಸಿಯ ಸಾರ್ವಜನಿಕ ಪ್ರಕಟಣೆಯೂ ಇತ್ತು! ಕೊನೆಗೆ 2014ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟ್, ಸಂಸ್ಥೆ ವಿದ್ಯಾರ್ಥಿಗಳನ್ನು ದಾರಿತಪ್ಪಿಸಿದೆ ಎಂದು ಹೇಳಿ, ಎಂಬಿಎ, ಬಿಬಿಎ, ಬಿ-ಸ್ಕೂಲ್ ಮುಂತಾದ ಪದಗಳನ್ನೇ ಅದು ಬಳಸಕೂಡದೆಂದು ತಡೆ ಹಾಕಿತು. ಮರುವರ್ಷ ಶಾಖೆಗಳು ಬಾಗಿಲು ಹಾಕಿದವು.

ಒಂಬತ್ತು ವರ್ಷ ಮೊದಲೇ ಒಂದು ಪುಟ್ಟ ಪತ್ರಿಕೆಯೂ ಒಂದು ಬ್ಲಾಗೂ ಎತ್ತಿದ್ದ ಪ್ರಶ್ನೆಗೆ ನ್ಯಾಯಾಲಯ ಮುದ್ರೆ ಒತ್ತಿದಂತಾಯಿತು. ಜಾಹೀರಾತಿನ ಹಣ ಎಣಿಸಿಕೊಂಡಿದ್ದ ಪತ್ರಿಕೆಗಳು ಆ ತೀರ್ಪನ್ನು ಮಾಮೂಲು ಕೋರ್ಟು ಸುದ್ದಿಯಂತೆ ಹಾಕಿ ಮುಂದಿನ ಪುಟಕ್ಕೆ ಹೋದವು. ಬ್ಲಾಗಿಗ–ಪತ್ರಿಕೆ ಜಗಳದ ಎಲ್ಲ ಎಳೆಗಳೂ ಈ ಒಂದು ಪ್ರಕರಣದಲ್ಲಿವೆ: ಜಾಹೀರಾತಿನ ಹಂಗು, ನೋಟಿಸಿನ ಬೆದರಿಕೆ, ದೂರದೂರಿನ ಕೋರ್ಟು, ಸರ್ಕಾರದ ಕತ್ತರಿ.

ಪೈಜಾಮ ತೊಟ್ಟವನ ತನಿಖೆ

ಈ ಜಗಳಕ್ಕೆ ಹೆಸರು ಬಂದದ್ದು ಅಮೆರಿಕದಲ್ಲಿ. 2002ರ ಡಿಸೆಂಬರ್ 5ರಂದು ಸೆನೆಟರ್ ಸ್ಟ್ರಾಮ್ ಥರ್ಮಂಡ್ ಅವರ ನೂರನೇ ಹುಟ್ಟುಹಬ್ಬ. ವರ್ಣಭೇದವನ್ನು ಎತ್ತಿಹಿಡಿದು 1948ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದವರು ಅವರು. ಆಗಲೇ ಅವರು ಗೆದ್ದಿದ್ದರೆ ದೇಶಕ್ಕೆ ಇಷ್ಟೆಲ್ಲ ತಾಪತ್ರಯ ಇರುತ್ತಿರಲಿಲ್ಲ ಎಂಬರ್ಥದ ಮಾತನ್ನು ರಿಪಬ್ಲಿಕನ್ ನಾಯಕ ಟ್ರೆಂಟ್ ಲಾಟ್ ಆ ಸಮಾರಂಭದಲ್ಲಿ ಆಡಿದರು. ಅಲ್ಲಿ ವರದಿಗಾರರೂ ಕ್ಯಾಮೆರಾಗಳೂ ಇದ್ದವು. ಆದರೂ ದೊಡ್ಡ ಪತ್ರಿಕೆಗಳಿಗೆ ಅದು ತಟ್ಟಲಿಲ್ಲ. ಜೋಶುವಾ ಮಾರ್ಷಲ್ ಮೊದಲಾದ ಬ್ಲಾಗಿಗರು ಲಾಟ್ ಹಿಂದೆ ಆಡಿದ್ದ ಮಾತುಗಳನ್ನೂ ಹೆಕ್ಕಿ ತೆಗೆದು ದಿನದಿನವೂ ಬರೆದರು. ಆಮೇಲೆ ಪತ್ರಿಕೆಗಳು ಎಚ್ಚೆತ್ತವು. ಡಿಸೆಂಬರ್ 20ಕ್ಕೆ ಲಾಟ್ ಸೆನೆಟ್ ನಾಯಕತ್ವ ಬಿಡಬೇಕಾಯಿತು.

ಎರಡು ವರ್ಷದ ಬಳಿಕ, 2004ರ ಸೆಪ್ಟೆಂಬರ್ 8ರಂದು, ಸಿಬಿಎಸ್ ವಾಹಿನಿಯ ಡ್ಯಾನ್ ರಾದರ್ ಅಧ್ಯಕ್ಷ ಬುಷ್ ಅವರ ಸೇನಾ ಸೇವೆಯ ಬಗ್ಗೆ ಕೆಲವು ಹಳೆಯ ಟಿಪ್ಪಣಿಗಳನ್ನು ತೋರಿಸಿದರು. 1970ರ ದಶಕದ ಟೈಪ್‌ರೈಟರಿನಲ್ಲಿ ಹೊಡೆದವು ಎನ್ನಲಾದ ಹಾಳೆಗಳವು. ಆ ರಾತ್ರಿಯೇ ಅಂತರ್ಜಾಲದಲ್ಲಿ ಅನುಮಾನ ಎದ್ದಿತು: ಅಕ್ಷರಗಳ ನಡುವಿನ ಅಂತರ ಕಂಪ್ಯೂಟರಿನದರಂತಿದೆಯಲ್ಲ? ಒಬ್ಬ ಬ್ಲಾಗಿಗ ಅದೇ ಟಿಪ್ಪಣಿಯನ್ನು ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಟೈಪಿಸಿ ಒಂದರ ಮೇಲೊಂದು ಇಟ್ಟು ತೋರಿಸಿದ. ಸಾಲಿಗೆ ಸಾಲು ಕೂಡಿತು. ಸಿಬಿಎಸ್‌ನಲ್ಲಿ ಹಿಂದೆ ದೊಡ್ಡ ಹುದ್ದೆಯಲ್ಲಿದ್ದ ಜೊನಾಥನ್ ಕ್ಲೈನ್, ನಮ್ಮಲ್ಲಿ ಹಲವು ಹಂತದ ಪರಿಶೀಲನೆಯಿದೆ, ಬ್ಲಾಗಿಗ ಎಂದರೆ ಪೈಜಾಮ ತೊಟ್ಟು ಮನೆಯಲ್ಲಿ ಕೂತು ತೋಚಿದ್ದು ಬರೆಯುವವ ಎಂಬ ಧಾಟಿಯಲ್ಲಿ ಹಂಗಿಸಿದರು. ಹನ್ನೆರಡೇ ದಿನದಲ್ಲಿ ಸಿಬಿಎಸ್ ವಿಷಾದ ಸೂಚಿಸಿತು, ತನಿಖಾ ಸಮಿತಿ ನೇಮಿಸಿತು. ಸಮಿತಿಯ ವರದಿ ಬಂದ ಮೇಲೆ ಕಾರ್ಯಕ್ರಮದ ನಿರ್ಮಾಪಕಿ ಕೆಲಸ ಕಳೆದುಕೊಂಡರು. 2005ರ ಮಾರ್ಚಿನಲ್ಲಿ ರಾದರ್ ವಾರ್ತೆಯ ಕುರ್ಚಿ ಬಿಟ್ಟರು. ಪೈಜಾಮದ ಹಂಗಣೆಯನ್ನೇ ಬಿರುದು ಮಾಡಿಕೊಂಡ ಕೆಲವರು ‘ಪೈಜಾಮಾಸ್ ಮೀಡಿಯಾ’ ಎಂಬ ಸಂಸ್ಥೆಯನ್ನೇ ಕಟ್ಟಿದರು.

ಬ್ಲಾಗಿಗರ ವಿಜಯೋತ್ಸವದಲ್ಲಿ ಒಂದು ಸಂಗತಿ ಮರೆತುಹೋಯಿತು. ಸಿಬಿಎಸ್ ತಪ್ಪಿತು ಎಂಬುದು ಎಷ್ಟು ನಿಜವೋ, ತಪ್ಪು ಗೊತ್ತಾದ ಮೇಲೆ ಅದು ಹೊರಗಿನವರನ್ನು ಕರೆಸಿ ತನಿಖೆ ಮಾಡಿಸಿ ವರದಿಯನ್ನು ಜನರ ಮುಂದಿಟ್ಟಿತು ಎಂಬುದೂ ಅಷ್ಟೇ ನಿಜ.

ದೂರಿನಲ್ಲಿ ಹುರುಳಿತ್ತು

ಪತ್ರಿಕೆಯವರ ಆಕ್ಷೇಪವನ್ನು ಬರೀ ಹೊಟ್ಟೆಕಿಚ್ಚೆಂದು ತಳ್ಳಿಹಾಕುವಂತಿಲ್ಲ. ಭಾರತದಲ್ಲಿ ಪತ್ರಿಕೆ ಎಂದರೆ ಒಂದು ವಿಳಾಸ. 1867ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯ್ದೆ ಬಂದಾಗಿನಿಂದ ಪ್ರತಿ ಸಂಚಿಕೆಯಲ್ಲೂ ಮುದ್ರಕರು, ಪ್ರಕಾಶಕರು ಯಾರು, ಅಚ್ಚಾದದ್ದು ಎಲ್ಲಿ ಎಂಬ ಸಾಲು ಇರಲೇಬೇಕು. ಯಾರೂ ಓದದ ಆ ಸಣ್ಣಕ್ಷರದ ಸಾಲೇ ಪತ್ರಿಕೆಯ ಜವಾಬ್ದಾರಿಯ ಗುರುತು. ವರದಿ ತಪ್ಪಾದರೆ ಯಾರ ಮನೆಯ ಬಾಗಿಲು ತಟ್ಟಬೇಕೆಂದು ಓದುಗನಿಗೆ ಗೊತ್ತಿರುತ್ತದೆ. ಬ್ಲಾಗಿಗೆ ಈ ಸಾಲು ಇರಲಿಲ್ಲ. ಎಷ್ಟೋ ಬ್ಲಾಗುಗಳಿಗೆ ಬರೆದವರ ಹೆಸರೂ ಇರಲಿಲ್ಲ.

ಎರಡನೆಯದು ದುಡಿಮೆಯ ಪ್ರಶ್ನೆ. ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಕಾದು ಕೂತು ಕಡತದ ಪ್ರತಿ ತರುವವನು, ಬರಗಾಲದ ಹಳ್ಳಿಗೆ ಬಸ್ಸು ಹತ್ತುವವನು, ಕೋರ್ಟಿನಲ್ಲಿ ದಿನವಿಡೀ ನಿಲ್ಲುವವನು ಪತ್ರಿಕೆಯ ವರದಿಗಾರ. ಅವನ ವರದಿ ಮೇಜಿನ ಮೇಲೆ ಬಂದ ಮೇಲೆ ಉಪಸಂಪಾದಕ ತಿದ್ದುತ್ತಾನೆ, ಮುಖ್ಯ ಉಪಸಂಪಾದಕ ಅನುಮಾನ ಕೇಳುತ್ತಾನೆ. ಅದೇ ವರದಿಯನ್ನು ಓದಿ ಮನೆಯಲ್ಲಿ ಕೂತು ಕಟುವಾಗಿ ವಿಮರ್ಶಿಸುವವನು ಬ್ಲಾಗಿಗ. ‘ನಾವು ಬೆಳೆದದ್ದನ್ನೇ ಉಂಡು ನಮ್ಮನ್ನೇ ಬೈಯುತ್ತಾರೆ’ ಎಂಬುದು ಪತ್ರಿಕಾಲಯಗಳಲ್ಲಿ ಕೇಳಿಬರುತ್ತಿದ್ದ ಗೊಣಗು. ಬ್ಲಾಗಿಗರ ಉತ್ತರವೂ ಸಿದ್ಧವಿತ್ತು: ಅಷ್ಟೆಲ್ಲ ಮೇಜುಗಳನ್ನು ದಾಟಿ ಬಂದ ಸುದ್ದಿಯಲ್ಲಿ ಇಷ್ಟೊಂದು ತಪ್ಪು ಯಾಕೆ? ಕೆಲವು ಸುದ್ದಿಗಳು ಆ ಮೇಜನ್ನೇ ಮುಟ್ಟುವುದಿಲ್ಲವಲ್ಲ, ಯಾಕೆ?

ಈ ಎರಡನೇ ಪ್ರಶ್ನೆಯೇ ಹೆಚ್ಚು ಚುಚ್ಚುತ್ತಿತ್ತು.

ನೋಟಿಸು ಕಳಿಸಿದವರು ಯಾರು?

ಪ್ರದ್ಯುಮ್ನ ಮಹೇಶ್ವರಿ ಪತ್ರಕರ್ತರು. ‘ಮೀಡಿಯಾ’ ಎಂಬ ಪದಕ್ಕೆ ಕೊನೆಯಲ್ಲಿ ಒಂದು ‘ಆಹ್’ ಸೇರಿಸಿ ‘ಮೀಡಿಯಾಹ್’ ಎಂಬ ಬ್ಲಾಗು ನಡೆಸುತ್ತಿದ್ದರು. ಪತ್ರಿಕೋದ್ಯಮದ ಒಳಸುದ್ದಿ, ಸಂಪಾದಕರ ಬದಲಾವಣೆ, ಸುದ್ದಿಯ ವೇಷದಲ್ಲಿ ಬರುವ ಜಾಹೀರಾತು ಇವೆಲ್ಲ ಅಲ್ಲಿ ಚರ್ಚೆಯಾಗುತ್ತಿದ್ದವು. ಪುರವಣಿಯ ಪುಟದಲ್ಲಿ ಹಣ ಕೊಟ್ಟವರ ಸುದ್ದಿ ಹಾಕುವ ‘ಮೀಡಿಯಾನೆಟ್’ ಎಂಬ ವ್ಯವಸ್ಥೆಯನ್ನು ಟೈಮ್ಸ್ ಸಮೂಹ 2003ರಲ್ಲೇ ಶುರುಮಾಡಿತ್ತು. 2005ರಲ್ಲಿ ಆ ಸಮೂಹದಿಂದ ಮಹೇಶ್ವರಿಯವರಿಗೆ ಕಾನೂನು ನೋಟಿಸು ಬಂತು: ಇಂತಿಂಥ ಬರಹಗಳನ್ನು ತೆಗೆಯಿರಿ. ದೊಡ್ಡ ಸಂಸ್ಥೆಯ ವಕೀಲರೊಡನೆ ಹೋರಾಡಲು ಹಣವೂ ಸಮಯವೂ ಇಲ್ಲವೆಂದು ಅವರು ಬ್ಲಾಗನ್ನೇ ಮುಚ್ಚಿದರು.

ನಾಲ್ಕು ವರ್ಷದ ನಂತರ ಮತ್ತೊಂದು. 2008ರ ನವೆಂಬರಿನ ಮುಂಬೈ ದಾಳಿಯ ವೇಳೆ ಟಿ.ವಿ. ವರದಿಗಾರಿಕೆ ಹೇಗಿತ್ತೆಂದು ನೆದರ್ಲೆಂಡ್ಸ್‌ನಲ್ಲಿದ್ದ ಭಾರತೀಯನೊಬ್ಬ ತನ್ನ ಬ್ಲಾಗಿನಲ್ಲಿ ಕಟುವಾಗಿ ಬರೆದಿದ್ದ. ಎನ್‌ಡಿಟಿವಿ ವಾಹಿನಿಯಿಂದ ನೋಟಿಸು ಹೋಯಿತು. 2009ರ ಜನವರಿ ಕೊನೆಗೆ ಆತ ಬರಹವನ್ನು ಹಿಂತೆಗೆದು ಕ್ಷಮೆ ಕೇಳಿದ. ಅಲ್ಲಿಯವರೆಗೆ ಆ ಲೇಖನ ಓದಿದ್ದವರು ಕೆಲವರು. ಹಿಂತೆಗೆದ ಮೇಲೆ ಅದರ ಪ್ರತಿಗಳು ಹಲವು ಕಡೆ ಕಾಣಿಸಿಕೊಂಡವು.

ಆ ಬರಹಗಳಲ್ಲಿ ತಪ್ಪಿತ್ತೋ ಇಲ್ಲವೋ ಎಂಬುದು ಬೇರೆ ಮಾತು. ಇದ್ದಿದ್ದರೆ ಎಲ್ಲಿ ತಪ್ಪು ಎಂದು ತೋರಿಸಿ ಉತ್ತರ ಬರೆಯಲು ಆ ಸಂಸ್ಥೆಗಳ ಬಳಿ ಲಕ್ಷಾಂತರ ಓದುಗರ ಪುಟಗಳಿದ್ದವು, ಕೋಟ್ಯಂತರ ಜನ ನೋಡುವ ಪರದೆಯಿತ್ತು. ಅದು ಬಿಟ್ಟು ಅವು ವಕೀಲರನ್ನು ಕರೆದವು. ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲೆ ಸಂಪಾದಕೀಯ ಬರೆಯುವವರು ತಮ್ಮ ಸರದಿ ಬಂದಾಗ ಮಂತ್ರಿಗಳೂ ಉದ್ಯಮಿಗಳೂ ಹಿಡಿಯುವ ಅಸ್ತ್ರವನ್ನೇ ಹಿಡಿದರು. ಪತ್ರಿಕೆಯ ನೈತಿಕ ಬಲಕ್ಕೆ ಇದರಿಂದ ಆದ ನಷ್ಟವನ್ನು ಯಾವ ಬ್ಲಾಗಿಗನೂ ಮಾಡಿರಲಿಲ್ಲ.

ಕನ್ನಡದ ಜಗಳದ ಬಣ್ಣವೇ ಬೇರೆ

ಕನ್ನಡಕ್ಕೆ ಇಂಥ ಜಗಳ ಹೊಸದಲ್ಲ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಪಿ. ಲಂಕೇಶ್ 1980ರಲ್ಲಿ ಜಾಹೀರಾತೇ ಇಲ್ಲದ ವಾರಪತ್ರಿಕೆ ಶುರುಮಾಡಿದಾಗ ಮರ್ಯಾದಸ್ಥ ದಿನಪತ್ರಿಕೆಗಳು ಮೂಗು ಮುರಿದಿದ್ದವು. ಭಾಷೆ ಒರಟು, ವೈಯಕ್ತಿಕ ನಿಂದೆ, ಸಾಕ್ಷ್ಯವಿಲ್ಲದ ಆರೋಪ ಎಂಬವು ಆಗಿನ ದೂರುಗಳು. ಕಾಲು ಶತಮಾನದ ನಂತರ ಬ್ಲಾಗಿಗರ ಮೇಲೆ ಬಂದದ್ದೂ ಅವೇ ಮಾತುಗಳು. ಒಳ್ಳೆಯ ಟ್ಯಾಬ್ಲಾಯ್ಡ್ ದಿನಪತ್ರಿಕೆಗಳ ಭಾಷೆಯನ್ನು ಬದಲಿಸಿತು, ಕೆಟ್ಟ ಟ್ಯಾಬ್ಲಾಯ್ಡ್ ಸುಲಿಗೆಗೆ ಇಳಿಯಿತು. ಎರಡನ್ನೂ ನೋಡಿದ್ದ ಕನ್ನಡ ಓದುಗನಿಗೆ ಬ್ಲಾಗಿನ ಒಳ್ಳೆಯದೂ ಕೆಟ್ಟದೂ ಆಶ್ಚರ್ಯ ತರಲಿಲ್ಲ.

ಆದರೆ ಕನ್ನಡದ ಬ್ಲಾಗು ಮೊದಲು ಹೋರಾಡಿದ್ದು ಅಕ್ಷರದ ಜೊತೆ. 1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂತ್ರಾಂಶ ಕೊಟ್ಟ ಮೇಲೆ ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಮೂಡಿತು. ಯುನಿಕೋಡ್ ಬಂದ ಮೇಲೆ ಆ ಕನ್ನಡ ಎಲ್ಲ ಕಂಪ್ಯೂಟರಿನಲ್ಲೂ ಕಾಣುವಂತಾಯಿತು, ಗೂಗಲ್‌ನಲ್ಲಿ ಹುಡುಕಿದರೆ ಸಿಗುವಂತಾಯಿತು. ಆ ಹೊತ್ತಿಗೆ ನಮ್ಮ ಪತ್ರಿಕೆಗಳು ಅಚ್ಚಿಗೆಂದು ಕೊಂಡ ತಂತಮ್ಮ ಅಕ್ಷರ ವಿನ್ಯಾಸಗಳಲ್ಲೇ ಇದ್ದವು. ಅವುಗಳ ಜಾಲತಾಣ ತೆರೆದರೆ ಎಷ್ಟೋ ಸಲ ಕಾಣುತ್ತಿದ್ದದ್ದು ಅರ್ಥವಾಗದ ಚಿಹ್ನೆಗಳ ಸಾಲು. ಹುಡುಕಿದರಂತೂ ಏನೂ ಸಿಗುತ್ತಿರಲಿಲ್ಲ. ಹೀಗಾಗಿ ಅಮೆರಿಕದಲ್ಲೋ ದುಬೈನಲ್ಲೋ ಕೂತ ಕನ್ನಡಿಗನಿಗೆ ಕೆಲವು ವರ್ಷಗಳ ಕಾಲ ಅಂತರ್ಜಾಲದ ಕನ್ನಡವೆಂದರೆ ದಟ್ಸ್‌ಕನ್ನಡ, ಹರಿಪ್ರಸಾದ್ ನಾಡಿಗ್ 2005ರಲ್ಲಿ ಕಟ್ಟಿದ ‘ಸಂಪದ’, ನೂರಾರು ಖಾಸಗಿ ಬ್ಲಾಗುಗಳು. ಲಕ್ಷ ಲಕ್ಷ ಪ್ರಸಾರದ ಪತ್ರಿಕೆಗಳು ಅಲ್ಲಿ ಇದ್ದೂ ಇಲ್ಲದಂತಿದ್ದವು.

ಇನ್ನೊಂದು ವಿಶೇಷವೆಂದರೆ ನಮ್ಮಲ್ಲಿ ಗೋಡೆಯ ಈ ಕಡೆಯವರೇ ಆ ಕಡೆಯೂ ಇದ್ದರು. ‘ಅವಧಿ’ ಜಾಲತಾಣ ನಡೆಸಿದ ಜಿ.ಎನ್. ಮೋಹನ್ ಪತ್ರಿಕೆಯಲ್ಲೂ ಟಿ.ವಿ.ಯಲ್ಲೂ ಪಳಗಿದವರು. ‘ಕೆಂಡಸಂಪಿಗೆ’ ಜಾಲತಾಣದ ಅಬ್ದುಲ್ ರಶೀದ್ ಆಕಾಶವಾಣಿಯವರು. ಮೈಸೂರಿನ ನಂಟಿನ ಇಂಗ್ಲಿಷ್ ಬ್ಲಾಗು ‘ಚುರುಮುರಿ’ಯ ಹಿಂದಿದ್ದ ಕೃಷ್ಣಪ್ರಸಾದ್ ಮುಂದೆ ‘ಔಟ್‌ಲುಕ್’ ಪತ್ರಿಕೆಯ ಪ್ರಧಾನ ಸಂಪಾದಕರಾದರು. ಪತ್ರಿಕೆಯಲ್ಲಿ ಜಾಗ ಸಿಗದ ಕವಿತೆ, ಪ್ರಬಂಧ, ಊರಿನ ನೆನಪುಗಳಿಗೆ ಬ್ಲಾಗು ಜಾಗ ಕೊಟ್ಟಿತು. ಅಲ್ಲಿ ಕೈಪಳಗಿಸಿಕೊಂಡ ಅನೇಕರು ಬಳಿಕ ಪತ್ರಿಕೆಗಳ ಅಂಕಣಕಾರರಾದರು.

ಜಗಳ ಕಾವೇರಿದ್ದು ಎರಡು ಕಾರಣಕ್ಕೆ. ಒಂದು, ಕಳವು. ಬ್ಲಾಗಿಗ ತೆಗೆದ ಚಿತ್ರ ಬೆಳಗಾಗುವಷ್ಟರಲ್ಲಿ ಪುರವಣಿಯಲ್ಲಿ ಅಚ್ಚಾಗಿ, ಕೆಳಗೆ ‘ಚಿತ್ರಕೃಪೆ: ಅಂತರ್ಜಾಲ’ ಎಂದಿರುತ್ತಿತ್ತು. ಅಂತರ್ಜಾಲವೆಂಬ ಮಹಾನುಭಾವ ಯಾರು, ಅವರ ವಿಳಾಸ ಕೊಡಿ, ಸಂಭಾವನೆ ಕೇಳಬೇಕು ಎಂದು ಬ್ಲಾಗಿಗರು ಛೇಡಿಸುತ್ತಿದ್ದರು. ಅತ್ತ ಪತ್ರಿಕೆಯ ಅಂಕಣಗಳನ್ನು ಇಡಿಯಾಗಿ ಟೈಪಿಸಿ ತಮ್ಮ ಹೆಸರಲ್ಲಿ ಹಾಕಿಕೊಳ್ಳುವ ಬ್ಲಾಗುಗಳಿಗೂ ಕೊರತೆಯಿರಲಿಲ್ಲ. ಎಲ್ಲರ ಮನೆಯ ದೋಸೆಯೂ ತೂತೇ. ಎರಡನೆಯದು, ಅನಾಮಿಕ ವಿಮರ್ಶೆ. 2010ರ ಆಸುಪಾಸಿನಲ್ಲಿ ‘ಸಂಪಾದಕೀಯ’ ಎಂಬ ಬ್ಲಾಗು ಕನ್ನಡ ಪತ್ರಿಕೆ–ವಾಹಿನಿಗಳ ನಡೆಯನ್ನು ಹೆಸರು ಹಿಡಿದು ವಿಮರ್ಶಿಸತೊಡಗಿತು. ಬರೆಯುವವರ ಹೆಸರು ಮಾತ್ರ ಅದರಲ್ಲಿರಲಿಲ್ಲ. ಮಾಧ್ಯಮದ ಮಂದಿಯೇ ಅದರ ಮೊದಲ ಓದುಗರು. ಹೆಸರಿಲ್ಲದವನಿಗೆ ಯಾಕೆ ಉತ್ತರ ಕೊಡಬೇಕು ಎಂಬುದು ಒಂದು ವಾದ. ಹೆಸರು ಹೇಳಿದರೆ ಕೆಲಸ ಉಳಿಯುತ್ತದೆಯೇ ಎಂಬುದು ಅದರ ಮರುವಾದ. ಕನ್ನಡದಲ್ಲಿ ಮಾಧ್ಯಮವನ್ನು ವಿಮರ್ಶಿಸಲು ಹೆಸರು ಮುಚ್ಚಿಕೊಳ್ಳಬೇಕಾದ ಸ್ಥಿತಿ ಇದ್ದದ್ದೇ ಆ ವಿಮರ್ಶೆ ಬೇಕಿತ್ತು ಎಂಬುದಕ್ಕೆ ಪುರಾವೆ.

ಮೌನವೂ ಒಂದು ತಪ್ಪೇ

ಪತ್ರಿಕೆ ಬರೆದದ್ದರಲ್ಲಿ ತಪ್ಪು ಹುಡುಕುವುದು ಸುಲಭ. ಬರೆಯದೆ ಬಿಟ್ಟದ್ದನ್ನು ಹಿಡಿದು ತೋರಿಸಿದ್ದು ಬ್ಲಾಗಿಗರ ದೊಡ್ಡ ಕೊಡುಗೆ. 2010 ಈ ದೃಷ್ಟಿಯಿಂದ ಮುಖ್ಯವಾದ ವರ್ಷ. ಚುನಾವಣೆಯಲ್ಲಿ ಅಭ್ಯರ್ಥಿಗಳಿಂದ ಹಣ ಪಡೆದು ಅವರ ಪ್ರಚಾರವನ್ನು ಸುದ್ದಿಯೆಂದು ಅಚ್ಚುಮಾಡಿದ ‘ಕಾಸಿಗಾಗಿ ಸುದ್ದಿ’ಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ ಪರಂಜಾಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಅವರಿಂದ ವರದಿ ಬರೆಸಿತ್ತು. 71 ಪುಟದ ವರದಿಯಲ್ಲಿ ಪತ್ರಿಕೆಗಳ ಹೆಸರುಗಳಿದ್ದವು. ಮಂಡಳಿ ಆ ಜುಲೈನಲ್ಲಿ ಹೊರಗಿಟ್ಟದ್ದು ಹೆಸರುಗಳಿಲ್ಲದ ಸಂಕ್ಷೇಪವನ್ನು. ಪೂರ್ತಿ ವರದಿ ಅಂತರ್ಜಾಲದಲ್ಲಿ ಕೈಯಿಂದ ಕೈಗೆ ದಾಟಿತು. ಮಂಡಳಿ ಅಧಿಕೃತವಾಗಿ ಬಿಡುಗಡೆ ಮಾಡಿದ್ದು ಮರುವರ್ಷ, ಕೇಂದ್ರ ಮಾಹಿತಿ ಆಯೋಗದ ಆದೇಶ ಬಂದ ಮೇಲೆ.

2010ರ ನವೆಂಬರಿನಲ್ಲಿ ‘ಓಪನ್’ ಮತ್ತು ‘ಔಟ್‌ಲುಕ್’ ಪತ್ರಿಕೆಗಳು ನೀರಾ ರಾಡಿಯಾ ಅವರ ದೂರವಾಣಿ ಸಂಭಾಷಣೆಗಳನ್ನು ಪ್ರಕಟಿಸಿದವು. ಮಂತ್ರಿಗಿರಿಯ ಹಂಚಿಕೆಯ ಬಗ್ಗೆ ಕಾರ್ಪೊರೇಟ್ ಮಧ್ಯವರ್ತಿಯೊಡನೆ ಹೆಸರಾಂತ ಪತ್ರಕರ್ತರು ಮಾತಾಡಿದ್ದು ಅವುಗಳಲ್ಲಿತ್ತು. ಬಹುತೇಕ ದೊಡ್ಡ ಪತ್ರಿಕೆ, ವಾಹಿನಿಗಳು ಹಲವು ದಿನ ತುಟಿ ಬಿಚ್ಚಲಿಲ್ಲ. ಬ್ಲಾಗು, ಟ್ವಿಟರ್‌ಗಳು ಬಿಡದೆ ಕೆದಕಿದ ಮೇಲೆ ಆ ಪತ್ರಕರ್ತರು ಉತ್ತರ ಕೊಡಲು ಮುಂದೆ ಬರಬೇಕಾಯಿತು.

ಅದಕ್ಕೆ ಒಂದು ತಿಂಗಳ ಹಿಂದಷ್ಟೇ ‘ಇಂಡಿಯಾ ಟುಡೇ’ಯ ದಕ್ಷಿಣ ಭಾರತದ ಆವೃತ್ತಿಯಲ್ಲಿ ರಜನಿಕಾಂತ್ ಕುರಿತು ಬಂದ ಸಂಪಾದಕರ ಪತ್ರದಲ್ಲಿ ‘ಸ್ಲೇಟ್’ ಜಾಲಪತ್ರಿಕೆಯ ವಾಕ್ಯಗಳು ಸೇರಿಕೊಂಡಿದ್ದವು. ಹಿಡಿದದ್ದು ಅಂತರ್ಜಾಲದ ಓದುಗರು. ಪ್ರಧಾನ ಸಂಪಾದಕ ಅರುಣ್ ಪುರಿ ದೂರ ಪ್ರಯಾಣದ ದಣಿವನ್ನು ಕಾರಣವಾಗಿ ಕೊಟ್ಟರು. ಭಾರತೀಯ ಮಾಧ್ಯಮ ಕೃತಿಚೌರ್ಯವನ್ನು ಹಗುರವಾಗಿ ನೋಡುತ್ತದೆ ಎಂದು ಮಿತಾಲಿ ಸರನ್ ‘ಬಿಸಿನೆಸ್ ಸ್ಟ್ಯಾಂಡರ್ಡ್’ ಪತ್ರಿಕೆಗೆ ಬರೆದ ಅಂಕಣ ಪ್ರಕಟವಾಗಲಿಲ್ಲ. ಅವರು ಅದನ್ನು ತಮ್ಮ ಬ್ಲಾಗಿನಲ್ಲಿ ಹಾಕಿದರು. ಒಂದು ಪತ್ರಿಕೆಯ ತಪ್ಪನ್ನು ಇನ್ನೊಂದು ಪತ್ರಿಕೆ ಎತ್ತಿ ಆಡುವುದಿಲ್ಲ ಎಂಬ ಅಲಿಖಿತ ಒಪ್ಪಂದ ಇಲ್ಲಿ ಬಯಲಾಯಿತು. ಬ್ಲಾಗಿಗರಿಗೆ ಆ ಒಪ್ಪಂದದಲ್ಲಿ ಸಹಿ ಇರಲಿಲ್ಲ. ಅವರ ಬಲವೆಲ್ಲ ಅಷ್ಟರಲ್ಲೇ ಇತ್ತು.

ಒಂದೇ ಬಲೆಯಲ್ಲಿ ಇಬ್ಬರೂ

ಇವರಿಬ್ಬರ ಜಗಳದ ನಡುವೆ ಬಲೆ ಹೆಣೆಯುತ್ತಿದ್ದದ್ದು ಸರ್ಕಾರ. 2006ರ ಜುಲೈನಲ್ಲಿ ಹದಿನೇಳೋ ಹದಿನೆಂಟೋ ಪುಟಗಳನ್ನು ತಡೆಯಿರಿ ಎಂದು ದೂರಸಂಪರ್ಕ ಇಲಾಖೆ ಹೇಳಿದರೆ, ಅಂತರ್ಜಾಲ ಕಂಪನಿಗಳು ಬ್ಲಾಗ್‌ಸ್ಪಾಟ್ ತಾಣವನ್ನೇ ಇಡಿಯಾಗಿ ಮುಚ್ಚಿದವು. ಲಕ್ಷಾಂತರ ಬ್ಲಾಗುಗಳು ದಿನಗಟ್ಟಲೆ ಕಾಣದಾದವು. ಆಗ ಪತ್ರಿಕೆಗಳು ಬ್ಲಾಗಿಗರ ಪರವಾಗಿಯೇ ಬರೆದವು, ಬೀಗ ತೆರೆಯಿತು.

2012ರ ಆಗಸ್ಟ್ ಬೆಂಗಳೂರಿಗೆ ನೆನಪಿರಬೇಕು. ಅಸ್ಸಾಮಿನ ಕೊಕ್ರಾಝಾರ್ ಹಿಂಸಾಚಾರದ ಬೆನ್ನಿಗೆ ಹಬ್ಬಿದ ಗಾಳಿಸುದ್ದಿ ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಸಿಟಿ ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಹೆಸರಿಲ್ಲದ ಸುದ್ದಿ ಏನು ಮಾಡಬಲ್ಲದೆಂದು ತೋರಿಸಿದ ದಿನಗಳವು. ಬಳಿಕ ಸರ್ಕಾರ ತಡೆಹಿಡಿದ 309 ಕೊಂಡಿಗಳ ಪಟ್ಟಿಯನ್ನು ಬೆಂಗಳೂರಿನದೇ ಆದ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಪರಿಶೀಲಿಸಿತು. ಅದರಲ್ಲಿ ದ್ವೇಷದ ಪುಟಗಳ ಜೊತೆಗೆ ವಿದೇಶಿ ಸುದ್ದಿಸಂಸ್ಥೆಗಳ ವರದಿಗಳೂ ಇದ್ದವು. ಹಬ್ಬಿದ ಚಿತ್ರಗಳು ಸುಳ್ಳೆಂದು ಬಯಲು ಮಾಡಿದ ಬರಹವೂ ಸಿಕ್ಕಿಬಿದ್ದಿತ್ತು. ಸುಳ್ಳನ್ನೂ ತಿದ್ದುಪಡಿಯನ್ನೂ ಕತ್ತರಿ ಒಟ್ಟಿಗೇ ಕತ್ತರಿಸಿತ್ತು.

ಅಂತರ್ಜಾಲದ ಬರಹಕ್ಕೆ ಸಜೆ ವಿಧಿಸಬಲ್ಲ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಮಾಡಿತು. 2021ರ ನಿಯಮಗಳು ಡಿಜಿಟಲ್ ಸುದ್ದಿಯನ್ನು ಹೊಸದಾಗಿ ಹಿಡಿತಕ್ಕೆ ತಂದವು. ಅವುಗಳ ಮುಖ್ಯ ಭಾಗಕ್ಕೆ ಬಾಂಬೆ ಹೈಕೋರ್ಟ್ ತಡೆ ನೀಡಿತು. ಯಾವುದು ಸುಳ್ಳು ಸುದ್ದಿ ಎಂದು ತೀರ್ಮಾನಿಸುವ ಕೇಂದ್ರದ ಘಟಕ 2024ರಲ್ಲಿ ಅದೇ ಹೈಕೋರ್ಟಿನಲ್ಲಿ ಬಿತ್ತು. ಮರುವರ್ಷ ಕರ್ನಾಟಕ ಸರ್ಕಾರವೇ ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಸಜೆಯ ಕರಡು ಮಸೂದೆ ಸಿದ್ಧಪಡಿಸಿತು. 2025ರ ಜುಲೈನಲ್ಲಿ, ಸಾಮೂಹಿಕವಾಗಿ ಶವ ಹೂತ ಆರೋಪದ ಧರ್ಮಸ್ಥಳ ಪ್ರಕರಣಕ್ಕೆ ಸಂಬಂಧಿಸಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು 8,842 ಕೊಂಡಿಗಳನ್ನು ತೆಗೆಯುವಂತೆ ಏಕಪಕ್ಷೀಯ ಆದೇಶ ಮಾಡಿತು. ಯೂಟ್ಯೂಬ್ ವಿಡಿಯೊ, ಇನ್‌ಸ್ಟಾಗ್ರಾಮ್ ತುಣುಕು, ಸುದ್ದಿಸಂಸ್ಥೆಗಳ ವರದಿ ಎಲ್ಲವೂ ಒಂದೇ ಪಟ್ಟಿಯಲ್ಲಿ. ಯೂಟ್ಯೂಬ್ ವಾಹಿನಿಯೊಂದು ಕರ್ನಾಟಕ ಹೈಕೋರ್ಟಿಗೆ ಹೋಗಿ, ಆಗಸ್ಟ್ 1ರಂದು ತನ್ನ ಮಟ್ಟಿಗೆ ಆದೇಶವನ್ನು ರದ್ದು ಮಾಡಿಸಿಕೊಂಡಿತು. ಆ ಪ್ರಕರಣದ ಸತ್ಯಾಸತ್ಯ ತನಿಖೆಗೆ, ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಒಂದಂತೂ ಸ್ಪಷ್ಟ: ಬಾಯಿ ಮುಚ್ಚಿಸಲು ಬರುವವರು ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳುವುದಿಲ್ಲ.

ಅಳತೆಗೋಲು ಒಂದೇ ಇರಲಿ

ಇಂದು ಬ್ಲಾಗು ಹೆಚ್ಚುಕಡಿಮೆ ಹಳೆಯ ಮಾತು. ಬ್ಲಾಗುಗಳನ್ನು ಒಟ್ಟಿಗೆ ಓದಲು ನೆರವಾಗುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ನಿಂತಿತು. ಬರೆಯುವವರು ಫೇಸ್‌ಬುಕ್ಕಿಗೆ ಹೋದರು. 2016ರಲ್ಲಿ ಜಿಯೊ ಬಂದ ಮೇಲೆ ಮಾತಾಡುವವರು ಯೂಟ್ಯೂಬಿಗೆ ಹೋದರು. ಪತ್ರಿಕೆಗಳ ಜಾಹೀರಾತಿನ ದೊಡ್ಡ ಪಾಲು ಗೂಗಲ್, ಫೇಸ್‌ಬುಕ್ ಎಂಬ ಎರಡು ಕಂಪನಿಗಳತ್ತ ಹರಿಯಿತು. ತಮ್ಮ ಅನ್ನ ಕಸಿದವನು ಪೈಜಾಮ ತೊಟ್ಟ ಬ್ಲಾಗಿಗನಲ್ಲ ಎಂದು ಪತ್ರಿಕೆಗಳಿಗೆ ತಡವಾಗಿ ಗೊತ್ತಾಯಿತು. ಈಗ ಹಳೆಯ ಜಗಳವೇ ಹೊಸ ಹೆಸರಿನಲ್ಲಿ ನಡೆದಿದೆ. ಜಿಲ್ಲಾ ಕೇಂದ್ರಗಳಲ್ಲಿ ಪತ್ರಕರ್ತರ ಸಂಘದ ಗುರುತಿನ ಚೀಟಿ ಇರುವವರು, ಕೈಯಲ್ಲಿ ಮೈಕು ಹಿಡಿದ ಯೂಟ್ಯೂಬರನ್ನು ನಕಲಿ ಪತ್ರಕರ್ತ ಎನ್ನುತ್ತಾರೆ. ಅವನು ಇವರನ್ನು ಗೋದಿ ಮೀಡಿಯಾ, ಅಂದರೆ ಅಧಿಕಾರದ ಮಡಿಲಲ್ಲಿ ಕೂತ ಮಾಧ್ಯಮ, ಎನ್ನುತ್ತಾನೆ.

ಯಾರು ಪತ್ರಕರ್ತ ಎಂಬ ಈ ಪ್ರಶ್ನೆಗೆ ಇಪ್ಪತ್ತು ವರ್ಷದಿಂದ ಉತ್ತರ ಸಿಕ್ಕಿಲ್ಲ, ಸಿಗಬೇಕಾಗಿಯೂ ಇಲ್ಲ. 1867ರ ಕಾಯ್ದೆಯ ಜಾಗದಲ್ಲಿ 2024ರ ಮಾರ್ಚ್ 1ರಿಂದ ಜಾರಿಗೆ ಬಂದ ಹೊಸ ನೋಂದಣಿ ಕಾಯ್ದೆ ಕೂಡ ಡಿಜಿಟಲ್ ಸುದ್ದಿಯನ್ನು ಹೊರಗೇ ಇಟ್ಟಿದೆ. ಓದುಗನಿಗೆ ಉಪಯೋಗಕ್ಕೆ ಬರುವ ಪ್ರಶ್ನೆ ಬೇರೆ: ತಪ್ಪಾದಾಗ ಇವರು ಏನು ಮಾಡುತ್ತಾರೆ? ಎಷ್ಟು ಬೇಗ, ಎಷ್ಟು ದೊಡ್ಡಕ್ಷರದಲ್ಲಿ, ಎಲ್ಲಿ?

ಇದಕ್ಕೆ ಮಾದರಿಗಳಿವೆ. ಓದುಗರ ದೂರು ಕೇಳಿ, ತನ್ನದೇ ಪತ್ರಿಕೆಯನ್ನು ತನಿಖೆ ಮಾಡಿ ಬರೆಯುವ ಸ್ವತಂತ್ರ ಸಂಪಾದಕನನ್ನು ಬ್ರಿಟನ್ನಿನ ‘ಗಾರ್ಡಿಯನ್’ 1997ರಲ್ಲಿ ನೇಮಿಸಿತು. ಭಾರತದಲ್ಲಿ ‘ದಿ ಹಿಂದೂ’ 2006ರಲ್ಲಿ ಕೆ. ನಾರಾಯಣನ್ ಅವರನ್ನು ಆ ಹುದ್ದೆಗೆ ತಂದಿತು. ‘ನ್ಯೂಯಾರ್ಕ್ ಟೈಮ್ಸ್’ ಕಟ್ಟುಕತೆ ಬರೆದ ವರದಿಗಾರನಿಂದ ಮಾನ ಕಳೆದುಕೊಂಡ 2003ರಲ್ಲಿ ಇಂಥ ಹುದ್ದೆ ಸೃಷ್ಟಿಸಿ, 2017ರಲ್ಲಿ ರದ್ದುಮಾಡಿತು. ಅಂತರ್ಜಾಲದ ಓದುಗರೇ ಈಗ ಕಾವಲುಗಾರರು ಎಂಬುದು ಅದು ಕೊಟ್ಟ ಕಾರಣ. ಒಂದು ಕಾಲದಲ್ಲಿ ಬ್ಲಾಗಿಗರನ್ನು ದೂರವಿಟ್ಟ ಪತ್ರಿಕಾ ಲೋಕ ಅವರಿಗೇ ಕಾವಲು ಒಪ್ಪಿಸಿ ಕೈ ತೊಳೆದುಕೊಂಡಿತು! ಕಾವಲುಗಾರ ಬೈಯಬಲ್ಲ, ತಿದ್ದುಪಡಿ ಅಚ್ಚುಮಾಡಲಾರ. ಆ ಅಧಿಕಾರ ಒಳಗಿನವರಿಗೇ ಇರಬೇಕು.

ಕನ್ನಡದಲ್ಲಿ ಏಳೆಂಟು ದೊಡ್ಡ ದಿನಪತ್ರಿಕೆಗಳಿವೆ. ಮುಖಪುಟದಲ್ಲಿ ಎಂಟು ಕಾಲಮ್ಮಿನ ತಪ್ಪು ಮಾಡಿ, ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ವಿಷಾದ ಹಾಕುವುದು ಇನ್ನು ಸಾಲದು. ತಪ್ಪು ಬಂದ ಪುಟದಲ್ಲೇ ತಿದ್ದುಪಡಿ ಬರಲಿ. ಓದುಗರ ದೂರಿಗೆ ಹೆಸರುಳ್ಳ ಒಬ್ಬ ಸಂಪಾದಕ ಉತ್ತರಿಸಲಿ. ಸಾಮಾಜಿಕ ಮಾಧ್ಯಮದಲ್ಲಿ ಬರೆಯುವವರಿಗೂ ಮಾತಾಡುವವರಿಗೂ ಇದೇ ನಿಯಮ: ತಪ್ಪಿದ ವಿಡಿಯೊವನ್ನು ಸದ್ದಿಲ್ಲದೆ ಅಳಿಸುವುದು ತಿದ್ದುಪಡಿಯಲ್ಲ. ಎಲ್ಲಿ ತಪ್ಪಿದೆ ಎಂದು ಅದೇ ವಾಹಿನಿಯಲ್ಲಿ, ಅದೇ ವೀಕ್ಷಕರ ಮುಂದೆ ಹೇಳಬೇಕು. ಸಂಪರ್ಕಕ್ಕೊಂದು ವಿಳಾಸವಾದರೂ ಇರಬೇಕು.

ಓದುಗರ ಪಾಲಿಗೂ ಕೆಲಸವಿದೆ. ತಪ್ಪು ಕಂಡಾಗ ಕಾಮೆಂಟಿನಲ್ಲಿ ಬೈದು ಸುಮ್ಮನಾಗದೆ, ಯಾವ ದಿನ, ಯಾವ ಪುಟ, ಯಾವ ವಾಕ್ಯ ಎಂದು ಸಂಪಾದಕರಿಗೆ ಬರೆಯಿರಿ. ಸಾಕ್ಷ್ಯ ಲಗತ್ತಿಸಿ. ಉತ್ತರ ಬಾರದಿದ್ದರೆ ಪತ್ರಿಕಾ ಮಂಡಳಿಗೆ ದೂರು ಕೊಡುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇದೆ. ಮಂಡಳಿ ದಂಡ ಹಾಕಲಾರದು, ಛೀಮಾರಿ ಹಾಕಬಲ್ಲದು. ಇಷ್ಟಾದ ಮೇಲೂ ತಿದ್ದಿಕೊಳ್ಳದವರು ಯಾರೇ ಆಗಿರಲಿ, ನೂರು ವರ್ಷದ ಪತ್ರಿಕೆಯಿರಲಿ, ನಿನ್ನೆ ಶುರುವಾದ ಯೂಟ್ಯೂಬ್ ವಾಹಿನಿಯಿರಲಿ, ಅವರಿಗೆ ನಿಮ್ಮ ಚಂದಾ ಹಣವನ್ನೂ ಕೊಡಬೇಡಿ, ನಂಬಿಕೆಯನ್ನೂ ಕೊಡಬೇಡಿ.